ಬಾಗಿಲಿಗೆ ಸಿಕ್ಕಿಕೊಳ್ಳುವ ಕೆಲಸ

ಲೋಕದಲ್ಲಿ ಉಳಿದವರಿಗೆಲ್ಲ ಏನಾದರೊಂದು ಮಾಡಿದ್ದಕ್ಕೆ ಸಂಬಳ. ಹೊಸಹಳ್ಳಿಯ ಯೋಗಾನಂದನಿಗೆ ಮಾತ್ರ ಸಿಕ್ಕಿಹಾಕಿಕೊಂಡಿದ್ದಕ್ಕೆ ಸಂಬಳ.

ಕೆಂಗೇರಿ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಮೆಟ್ರೋ ರೈಲಿನ ಬಾಗಿಲು ಪರೀಕ್ಷಿಸುವ ಕಂಪನಿಯ ಒಂದು ದೊಡ್ಡ ತಗಡಿನ ಶೆಡ್ಡು. ಅದರೊಳಗೆ ಅರ್ಧ ಪ್ಲಾಟ್‌ಫಾರಮ್ಮು, ಒಂದೇ ಒಂದು ಬೋಗಿ, ಅದು ಹೋಗಿ ಬರಲು ಒಂದಿಷ್ಟು ಹಳಿ. ಪ್ಲಾಟ್‌ಫಾರಮ್ಮಿನ ಅಂಚಿನುದ್ದಕ್ಕೂ ಆಳೆತ್ತರದ ಗಾಜಿನ ಗೋಡೆ, ಗೋಡೆಯಲ್ಲಿ ಅಲ್ಲಲ್ಲಿ ಜಾರುವ ಬಾಗಿಲು. ರೈಲು ಬಂದು ನಿಂತರೆ ರೈಲಿನ ಬಾಗಿಲೂ ಗಾಜಿನ ಬಾಗಿಲೂ ಒಟ್ಟಿಗೆ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು. ಮುಚ್ಚುವಾಗ ಯಾರ ಕೈಯೋ ಬ್ಯಾಗೋ ಅಡ್ಡ ಬಂದರೆ ಹಿಂದಕ್ಕೆ ಸರಿಯಬೇಕು. ಸರಿಯುತ್ತದೋ ಇಲ್ಲವೋ ಎಂದು ನೋಡಲು ಒಬ್ಬ ಮನುಷ್ಯ ಬೇಕಲ್ಲ? ಆ ಮನುಷ್ಯ ಯೋಗಾನಂದ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ಮುಚ್ಚುವ ಬಾಗಿಲಿಗೆ ಮೊಣಕೈ ಕೊಡುತ್ತಿದ್ದ, ಕಾಲು ಕೊಡುತ್ತಿದ್ದ, ಛತ್ರಿ ಕೊಡುತ್ತಿದ್ದ. ಸೀರೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ನೋಡಲು ಹೆಂಡತಿ ಕೀರ್ತನಾಳ ಹಳೇ ಸೀರೆ ತಂದು, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲು ದಾಟಿದ್ದೂ ಉಂಟು. ಆ ಫೋಟೋ ಶೆಡ್ಡಿನ ವಾಟ್ಸಾಪ್ ಗುಂಪಿನಲ್ಲಿ ಬಹಳ ದಿನ ಓಡಾಡಿತು.

ಯಾರಾದರೂ ಅತಿಥಿಗಳು ಬಂದರೆ ಅವನಿಗೆ ಇನ್ನೊಂದು ಪಾತ್ರ. ಗಾಜಿನಾಚೆ, ರೈಲಿನ ಬಾಗಿಲಿಗೂ ಗಾಜಿನ ಬಾಗಿಲಿಗೂ ನಡುವೆ ನಿಂತು, ಸಿಕ್ಕಿಕೊಂಡವನ ಹಾಗೆ ಕೈಕಾಲು ಬಡಿದು, ಕಣ್ಣು ಅಗಲಿಸಿ, ಬಾಯಿ ಬಾಯಿ ಬಿಟ್ಟು, ಕೊನೆಗೆ ಬಾಗಿಲ ಒಳಮೈಗಿರುವ ಹಸಿರು ಹಿಡಿ ಎಳೆದು ಹೊರಬರಬೇಕು. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಡೆಮೊಗೆ ಮುಂಚೆ ಅವನೇ ಕಂಟ್ರೋಲ್ ಪೆಟ್ಟಿಗೆಯ ಕೀ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೀ ಇಲ್ಲದೆ ರೈಲು ಅಲ್ಲಾಡುವುದಿಲ್ಲ. ಅದರಲ್ಲಿ ಡ್ರೈವರ್ ಇಲ್ಲ, ಡ್ರೈವರ್ ಸೀಟೇ ಇಲ್ಲ. ಗುಂಡಿ ಒತ್ತಿದರೆ ಹೋಗುತ್ತದೆ, ಅಷ್ಟೆ. ಮುಂದೆ ಯಾರು ಸಿಕ್ಕಿದ್ದಾರೆ ಎಂದು ಬಗ್ಗಿ ನೋಡುವ ಕಣ್ಣು ಅದಕ್ಕಿಲ್ಲ.

ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಹೇಳುವುದೂ ಅವನ ಕೆಲಸವೇ. ಆ ಪಾಠವನ್ನು ಅವನು ಮನೆಯ ಬಚ್ಚಲಿನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿದ್ದರಿಂದ ಕೀರ್ತನಾಳಿಗೂ ಬಾಯಿಪಾಠ ಆಗಿತ್ತು. "ಸಿಕ್ಕಾಕೊಂಡ್ರೆ ಒದ್ದಾಡಬೇಡಿ. ಮೊದಲು ಕೈಯಲ್ಲಿರೋದನ್ನ ಬಿಡಿ. ಮೊಬೈಲಾಗ್ಲಿ, ಲ್ಯಾಪ್‌ಟಾಪಾಗ್ಲಿ, ಬಿಟ್ಬಿಡಿ, ಹೋದ್ರೆ ಹೋಗ್ಲಿ. ಕೈ ಖಾಲಿ ಇದ್ರೆ ಹಸಿರು ಹಿಡಿ ಸಿಗುತ್ತೆ." ಇಷ್ಟೇ ಪಾಠ. ಹುಡುಗರು ಆಕಳಿಸಿಕೊಂಡು ಕೇಳುತ್ತಿದ್ದರು.

ಈ ಕೆಲಸ ಸಿಕ್ಕಿದ್ದಾದರೂ ಹೇಗೆ ಅನ್ನುತ್ತೀರೋ, ಮಾವನಿಂದ. ಮಾವ ಅಂಜಿನಯ್ಯನವರು ಹೊಸಹಳ್ಳಿಯ ಹಳೇ ಮನೆತನದವರು. ಹೊಲಗದ್ದೆ ಹೋಗಿ ಬಡಾವಣೆ ಬಂದಾಗ ಮನೆಯ ಸುತ್ತ ಉಳಿದ ಜಾಗದಲ್ಲಿ ಒಂದರ ಮೇಲೊಂದು ಬಾಡಿಗೆ ಮನೆ ಕಟ್ಟಿದರು. ಕೆಂಗೇರಿ ಕಡೆಯ ಆ ಶೆಡ್ಡು ನಿಂತಿರುವ ಜಾಗವೂ ಅವರದೇ. ಕಂಪನಿಯವರು ಲೀಸಿಗೆ ಕೇಳಲು ಬಂದಾಗ, "ಜಾಗ ಕೊಡೋಣ, ಅದಕ್ಕೇನು. ನಮ್ ಅಳಿಯಂಗೆ ಒಂದು ಕೆಲಸ ಕೊಡಿ" ಅಂದರು. ಯೋಗಾನಂದ ಆಗ ರಾಜಾಜಿನಗರದ ಒಂದು ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್. ತನ್ನ ಪಾಡಿಗೆ ತಾನು ಊರೆಲ್ಲ ಸುತ್ತಿಕೊಂಡು, ಸಿಕ್ಕಿದ ದರ್ಶಿನಿಯಲ್ಲಿ ಕಾಫಿ ಕುಡಿದುಕೊಂಡು ಚೆನ್ನಾಗಿಯೇ ಇದ್ದ. ಒಂದು ದಿನ ಊಟಕ್ಕೆ ಕೂತಾಗ ಮಾವ, "ಸೋಮವಾರದಿಂದ ಶೆಡ್ಡಿಗೆ ಹೋಗಪ್ಪ" ಅಂದರು. ಯೋಗಾನಂದ ನಕ್ಕು, "ಆಗಲಿ ಮಾವ" ಅಂದ.

ಆ ನಗುವಿನ ವಿಷಯ ಹೇಳಲೇಬೇಕು. ಯೋಗಾನಂದ ಮಾಗಡಿ ಕಡೆಯವನು, ಚಿಕ್ಕಂದಿನಲ್ಲೇ ತಂದೆಯಿಲ್ಲ. ಅಂಜಿನಯ್ಯನವರಿಗೆ ಒಬ್ಬಳೇ ಮಗಳು, ಅವರದು ಒಂದೇ ಷರತ್ತು, ಹುಡುಗ ನಮ್ಮನೆಯಲ್ಲೇ ಇರಬೇಕು. ಅವನ ತಾಯಿ ಹಿರಿಹಿರಿ ಹಿಗ್ಗಿ ಒಪ್ಪಿಕೊಂಡರು. ಹೀಗೆ ಮನೆ ಅಳಿಯನಾಗಿ ಬಂದ ಮೊದಲ ದಿನವೇ ಮಾವ ಅವನ ಮೀಸೆ ನೋಡಿ, "ಸಣ್ಣ ಮಾಡ್ಸಪ್ಪ, ಪೊಲೀಸ್ನೋನ ಥರ ಕಾಣುತ್ತೆ" ಅಂದಿದ್ದರು. ಆಗ ಬಂದ ನಗು ಅದು. ಮೇಲಿನ ಹಲ್ಲು ಪೂರ್ತಿ ಕಾಣುತ್ತದೆ, ಕೆಳತುಟಿ ಬಿಗಿಯುತ್ತದೆ, ಕಣ್ಣು ಮಾತ್ರ ಎಲ್ಲಿಗೋ ಹೋಗಿರುತ್ತದೆ. ಮೀಸೆ ಸಣ್ಣಗಾಯಿತು, ನಗು ಉಳಿದುಕೊಂಡಿತು.

ಅಂಜಿನಯ್ಯ ಕೆಟ್ಟವರೇನಲ್ಲ. ಅದೇ ದೊಡ್ಡ ತಾಪತ್ರಯ. ಕೆಟ್ಟವರಾಗಿದ್ದರೆ ಜಗಳವಾಡಿ ಬೀದಿಗೆ ಬರಬಹುದಿತ್ತು. ಯೋಗಾನಂದನಿಗೆ ಕಾಮಾಲೆಯಾದಾಗ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಎಳನೀರು ಕುಡಿಸಿದವರು ಅವರೇ. ಆದರೆ ಅಳಿಯ ಯಾವ ಬಣ್ಣದ ಶರ್ಟು ತೊಡಬೇಕು, ಮಾಗಡಿಗೆ ಯಾವಾಗ ಹೋಗಬೇಕು, ಹೋದವನು ಯಾವ ಬಸ್ಸಿಗೆ ವಾಪಸಾಗಬೇಕು, ಎಲ್ಲ ಅವರ ಬಾಯಿಂದಲೇ ಬರಬೇಕು. ಅತ್ತೆ ಲಕ್ಷ್ಮಿದೇವಮ್ಮ ಬಡಿಸುವಾಗ ಸಾಕು ಅಂದರೆ ಕೇಳುವವರಲ್ಲ. "ಎಷ್ಟು ತಿಂದ್ರೂ ಮೈ ಹತ್ತಲ್ವಲ್ಲಪ್ಪ ನಿಂಗೆ" ಎಂದು ಇನ್ನೊಂದು ಮುದ್ದೆ ಹಾಕುತ್ತಿದ್ದರು. ಅವನು ನಕ್ಕು ನುಂಗುತ್ತಿದ್ದ. ಮೈ ಮಾತ್ರ ಕಡ್ಡಿಯ ಹಾಗೇ ಇತ್ತು.

ಇನ್ನು ಗಂಡ ಹೆಂಡತಿಯ ಕೋಣೆ. ಆ ಹಳೇ ಮನೆಯಲ್ಲಿ ನಡುಮನೆಗೂ ದೇವರಮನೆಗೂ ಮಧ್ಯೆ ಇರುವ ಕೋಣೆಯನ್ನು ಮಗಳು ಅಳಿಯನಿಗೆ ಬಿಟ್ಟುಕೊಟ್ಟಿದ್ದರು. ದೇವರಮನೆಗೆ ಬೇರೆ ದಾರಿ ಇಲ್ಲ. ಬೆಳಕು ಹರಿಯುವ ಮುಂಚೆ ಲಕ್ಷ್ಮಿದೇವಮ್ಮ ಹೂವಿನ ಬುಟ್ಟಿ ಹಿಡಿದು ಅವರ ಮಂಚದ ಪಕ್ಕದಿಂದಲೇ ಹೋಗುತ್ತಿದ್ದರು, ದೀಪ ಹಚ್ಚಿ ಮಂಚದ ಪಕ್ಕದಿಂದಲೇ ಬರುತ್ತಿದ್ದರು. ಅದಕ್ಕೇ ಆ ಕೋಣೆಗೆ ಒಳಗಿನಿಂದ ಚಿಲಕ ಇಡಿಸಿರಲಿಲ್ಲ. ಮಹಡಿಯ ಬಾಡಿಗೆಯವರೆಲ್ಲ ಕೋಣೆಕೋಣೆಗೂ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದರು. ಅಳಿಯನಿಗೆ ಒಂದು ಚಿಲಕ ಗತಿಯಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಅದೇ ಅತ್ತೆ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು! ನಗಬೇಕೋ ಅಳಬೇಕೋ ಯೋಗಾನಂದನಿಗೆ ತಿಳಿಯುತ್ತಿರಲಿಲ್ಲ. ನಗುವುದು ರೂಢಿಯಾಗಿತ್ತು, ನಗುತ್ತಿದ್ದ.

ಕೀರ್ತನಾಳಿಗೆ ಇದೆಲ್ಲ ಕಾಣುತ್ತಿರಲಿಲ್ಲವೇ ಅಂದರೆ, ಹುಟ್ಟಿ ಬೆಳೆದ ಮನೆ. ಅಪ್ಪನ ಮಾತು ಅವಳಿಗೆ ಫ್ಯಾನಿನ ಸದ್ದಿನ ಹಾಗೆ, ಕೇಳಿಸುತ್ತಲೇ ಇರಲಿಲ್ಲ. ಗಂಡನ ಮೇಲೆ ಪ್ರೀತಿ ಇತ್ತು. ರಾತ್ರಿ ಅವನ ಮೊಣಕೈಯ ಮೇಲೆ ಬಾಗಿಲು ಬಿದ್ದು ಕಂದಿದ ಜಾಗಕ್ಕೆ ಎಣ್ಣೆ ಹಚ್ಚುತ್ತಾ, "ನಿಮಗೆ ಬೇಜಾರಾಗಲ್ವಾ?" ಎಂದು ಕೇಳುವಳು. ಅವಳು ಕೇಳುತ್ತಿದ್ದುದು ಬಾಗಿಲಿನ ವಿಷಯ. ಅವನೂ ಬಾಗಿಲಿನ ವಿಷಯವನ್ನೇ ಹೇಳಿ ಸುಮ್ಮನಾಗುತ್ತಿದ್ದ.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಯೋಗಾನಂದ ಒಂದು ಕಳ್ಳ ಕೆಲಸ ಮಾಡಿದ. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಬಾಡಿಗೆಗೆ ಒಂದು ಮನೆ ನೋಡಿ ಬಂದ. ಸಣ್ಣ ಮನೆ, ಮೊದಲ ಮಹಡಿ, ಅಡುಗೆಮನೆಯ ಕಿಟಕಿಯಿಂದ ಕೆರೆಯ ಒಂದು ಚೂರು ಕಾಣುತ್ತದೆ. ಮನೆ ತೋರಿಸಿದ ಮಾಲೀಕರು ನೀರಿನ ವಿಷಯ, ಬೈಕ್ ನಿಲ್ಲಿಸುವ ಜಾಗ ಎಲ್ಲ ಹೇಳುತ್ತಿದ್ದರೆ ಇವನು ಮಲಗುವ ಕೋಣೆಗೆ ಹೋಗಿ, ಬಾಗಿಲು ಹಾಕಿ, ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದ. ಹೊರಗೆ ನಿಂತಿದ್ದ ಮಾಲೀಕರಿಗೆ ಗಾಬರಿಯಾಗಿ, "ಸಾರ್, ಒಳಗೆ ಸಿಕ್ಕಾಕೊಂಡ್ರಾ?" ಎಂದು ಕೂಗಿದರು. "ಇಲ್ಲ ಸಾರ್, ಚೆನ್ನಾಗಿದೆ" ಅಂದ. ಮಾಲೀಕರು ಒಳ್ಳೆಯವರು. "ಹಬ್ಬದವರೆಗೂ ಬೇರೆಯವರಿಗೆ ಕೊಡಲ್ಲ. ವಿಜಯದಶಮಿ ದಿನ ಹೂಂ ಅಥವಾ ಊಹೂಂ ಹೇಳ್ಬಿಡಿ" ಅಂದರು.

ಹೇಳಬೇಕಾದದ್ದು ಒಂದೇ ಮಾತು. ಅದನ್ನು ಮೊದಲು ಕೀರ್ತನಾಳಿಗೆ, ಆಮೇಲೆ ಮಾವನಿಗೆ. ಯೋಗಾನಂದ ದಿನಾ ಬೆಳಿಗ್ಗೆ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತು ಆ ಮಾತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅಲ್ಲಿ ಗಾಜಿನ ಗೋಡೆ ಇಲ್ಲ. ಹಳದಿ ಗೆರೆ ದಾಟಿದವರಿಗೆ ಸೆಕ್ಯುರಿಟಿಯ ಹೆಣ್ಣುಮಗಳು ಸೀಟಿ ಊದಿ, "ಸಾರ್, ಹಿಂದೆ ಬನ್ನಿ" ಎಂದು ಗದರುತ್ತಾಳೆ. ನನ್ನ ಬೆನ್ನ ಹಿಂದೆಯೂ ಹೀಗೆ ಒಂದು ಸೀಟಿ ಇದೆ ಅನ್ನಿಸುತ್ತಿತ್ತು ಅವನಿಗೆ. ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಮಾವ. ಕೋಣೆಗೆ ಹೋದರೆ ಅತ್ತೆಯ ಹೂವಿನ ಬುಟ್ಟಿ. ಗುಟ್ಟಿನ ಮಾತಿಗೆ ಮುಚ್ಚಿದ ಬಾಗಿಲು ಬೇಕು. ಹೀಗೆ ದಿನ ಸರಿದು ಆಯುಧಪೂಜೆ ಬಂದೇಬಿಟ್ಟಿತು. ಇನ್ನು ಉಳಿದದ್ದು ಆ ಒಂದು ದಿನ.

ಆಯುಧಪೂಜೆಗೆ ಶೆಡ್ಡಿನಲ್ಲಿ ಮನೆಮಂದಿಗೆಲ್ಲ ಕರೆ. ಜಾಗದ ಯಜಮಾನರು ಎಂದು ಅಂಜಿನಯ್ಯನವರೇ ಮುಖ್ಯ ಅತಿಥಿ. ಬಾಳೆಕಂಬ, ಮಾವಿನ ತೋರಣ, ಬೋಗಿಯ ಮೂತಿಗೆ ಚೆಂಡುಹೂವಿನ ಹಾರ, ಗಾಜಿನ ಮೇಲೆಲ್ಲ ವಿಭೂತಿಪಟ್ಟೆ. ಕಂಟ್ರೋಲ್ ಪೆಟ್ಟಿಗೆಗೂ ಹೂವು, ಅದರಲ್ಲಿದ್ದ ಕೀಗೂ ಕುಂಕುಮ. ರೈಲು ಹೊರಡಿಸುವ ಹಸಿರು ಗುಂಡಿಯನ್ನು ಒಂದು ಸ್ಟ್ಯಾಂಡಿನ ಮೇಲೆ ಇಟ್ಟು ಶಾಲು ಹೊದಿಸಿದ್ದರು, ಅಂಜಿನಯ್ಯನವರು ಒತ್ತಲಿ ಎಂದು. ಧಾರವಾಡ ಕಡೆಯ ಫಕೀರೇಶ ಎಂಬ ಟೆಕ್ನಿಷಿಯನ್ನು ಎಲ್ಲಿಂದಲೋ ಇಬ್ಬರು ನಗಾರಿಯವರನ್ನು ಕರೆದು ತಂದಿದ್ದ. ತಗಡಿನ ಸೂರಿನ ಕೆಳಗೆ ಆ ನಗಾರಿ ಬಾರಿಸಿದರೆ ಎದುರಿಗಿರುವವರ ಮಾತೂ ಕೇಳುತ್ತಿರಲಿಲ್ಲ.

ಅಂಜಿನಯ್ಯನವರಿಗೆ ಡ್ರೈವರ್ ಇಲ್ಲದ ರೈಲಿನ ಮೇಲೆ ಮೊದಲಿನಿಂದಲೂ ಗುಮಾನಿ. "ಓಡ್ಸೋನೇ ಇಲ್ಲ ಅಂದ್ಮೇಲೆ ನಿಂಬೆಹಣ್ಣು ತುಳಿಸೋರು ಯಾರಯ್ಯ?" ಎಂದು ಎಂಜಿನಿಯರ್ ಮಧ್ವೇಶನನ್ನು ಕೇಳಿದರು. ಮಧ್ವೇಶ್ ಚಿಕ್ಕ ವಯಸ್ಸಿನವನು, ಪೆಟ್ಟಿಗೆಯ ಮುಂದೆ ರೇಷ್ಮೆ ಪಂಚೆ ಉಟ್ಟು ಕೂತಿದ್ದ. "ನೀವೇ ಸಾರ್. ಗುಂಡಿ ಒತ್ತಿದ್ರೆ ಅದೇ ತುಳಿಯುತ್ತೆ" ಅಂದ. ಅಂಜಿನಯ್ಯನವರಿಗೆ ಅದು ಬಹಳ ಹಿಡಿಸಿತು. ಆದರೂ ರೈಲಿನ ಸುತ್ತ ಕಣ್ಣಾಡಿಸಿ ಒಂದು ಕೊರತೆ ಕಂಡುಹಿಡಿದರು.

"ಮೂತಿಗೆ ಕುಂಕುಮ ಆಯ್ತು. ಮಗ್ಗುಲಿಗೆ? ಲಾರಿಗಾದ್ರೆ ನಾಲ್ಕೂ ಮಗ್ಗುಲಿಗೆ ಇಡ್ತೀವಲ್ಲ."

"ಮಾವ, ಈ ಕಡೆ ಗಾಜಿದೆ. ಗಾಜಿಗೇ ಇಟ್ಟಿದೀವಿ."

"ಗಾಜಿಗೆ ಇಟ್ರೆ ಬಂಡಿಗೆ ಇಟ್ಟಂಗಾಯ್ತೇನಪ್ಪ? ಬಾಗ್ಲು ತೆಗ್ದೈತಲ್ಲ, ಆ ಸಂದೀಲಿ ಹೋಗಿ ಅದರ ಮೈಗೆ ಇಟ್ಟು ಬಾ. ನೀನು ಸಣ್ಣಕಿದೀಯ, ಹಿಡಿಸ್ತೀಯ."

ಗಾಜಿನ ಗೋಡೆಗೂ ರೈಲಿಗೂ ನಡುವೆ ಒಂದು ಗೇಣಿಗಿಂತ ತುಸು ಹೆಚ್ಚು ಸಂದು. ಬಾಗಿಲಿನ ಎದುರಿಗೆ ಯಾರಾದರೂ ನಿಂತರೆ ಸೆನ್ಸರ್ ಕಂಡುಹಿಡಿಯುತ್ತದೆ, ಬಾಗಿಲು ಮುಚ್ಚುವುದಿಲ್ಲ. ಬಾಗಿಲ ಪಕ್ಕದ ಅಲ್ಲಾಡದ ಗಾಜಿನ ಹಿಂದೆ ಮಾತ್ರ ಸೆನ್ಸರ್ ಇಲ್ಲ. ಅಲ್ಲಿಗೆ ಯಾರು ಹೋಗುತ್ತಾರೆ? ಆ ಬಾಗಿಲು ಮಾಡಿದ ದೇಶದಲ್ಲಿ ಯಾರೂ ಹೋಗಿರಲಿಕ್ಕಿಲ್ಲ, ಅಲ್ಲಿಯವರು ರೈಲಿಗೆ ಕುಂಕುಮ ಇಡುವುದಿಲ್ಲ. ಇದೆಲ್ಲ ಯೋಗಾನಂದನಿಗೆ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಸ ಹುಡುಗ ಯಾರಾದರೂ ಅಲ್ಲಿಗೆ ಹೋಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದ. ಈಗ ಅತ್ತೆ ಹಿತ್ತಾಳೆ ತಟ್ಟೆ ಅವನ ಕೈಗೆ ಕೊಟ್ಟರು. ಅವರ ಅತ್ತೆಯ ಕಾಲದ ತಟ್ಟೆ, ಅಂಚಿನಲ್ಲಿ ಮನೆತನದ ಹೆಸರು ಕೊರೆದದ್ದು, ಮೇಲೆ ಕುಂಕುಮ, ಅರಿಶಿನ, ಎಲೆ ಅಡಿಕೆ. ಯೋಗಾನಂದ ನಕ್ಕು, "ಆಗಲಿ ಮಾವ" ಅಂದ.

ತೆರೆದ ಬಾಗಿಲಿನಿಂದ ಅಡ್ಡಡ್ಡವಾಗಿ ನುಸುಳಿ, ಗಾಜಿನ ಹಿಂದೆ ಸರಿದು, ಬೋಗಿಯ ಮೈಗೆ ಬೊಟ್ಟಿಟ್ಟ. ಅಷ್ಟಕ್ಕೇ ಬಂದುಬಿಟ್ಟಿದ್ದರೆ ಈ ಕಥೆಯೇ ಇಲ್ಲ. "ಗಾಜಿಗೂ ಒಳಗಡೆಯಿಂದ ಒಂದಿಡು!" ಎಂದು ಮಾವ ಹೊರಗಿನಿಂದ ಕೈಸನ್ನೆ ಮಾಡಿದರು. ಅವನು ಉಸಿರು ಬಿಗಿಹಿಡಿದು ಪ್ಲಾಟ್‌ಫಾರಮ್ಮಿನ ಕಡೆಗೆ ತಿರುಗಿದ. ತಿರುಗುವಾಗ ಬಲಗೈ ಬೆನ್ನ ಹಿಂದೆ ಬೋಗಿಗೆ ಒತ್ತಿಕೊಂಡು ಅಲ್ಲೇ ಉಳಿಯಿತು. ಎಡಗೈಯ ತಟ್ಟೆ ನೆಟ್ಟಗೆ ನಿಂತು ಎದೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಯಾರೋ, "ರಾಹುಕಾಲ ಬಂದ್ಬಿಡುತ್ತೆ, ಬೇಗ!" ಅಂದರು. ಮಧ್ವೇಶ್ ಬಾಗಿಲ ಎದುರಿಗೆ ಯಾರೂ ಇಲ್ಲದ್ದನ್ನು ಪರದೆಯಲ್ಲಿ ನೋಡಿ ಬಾಗಿಲು ಮುಚ್ಚಿದ. ಎರಡೂ ಬಾಗಿಲು ಒಟ್ಟಿಗೆ, ತಕರಾರಿಲ್ಲದೆ ಮುಚ್ಚಿಕೊಂಡವು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಇನ್ನು ಗುಂಡಿ ಒತ್ತುವುದೊಂದೇ ಬಾಕಿ.

ಯೋಗಾನಂದ ಕೂಗಿದ. ಗಾಜಿನ ಈಚೆ ನಗಾರಿ. ಅವನ ಬಾಯಿ ಆಡಿದ್ದಷ್ಟೇ ಕಂಡಿತು. ಮೊದಲು ನೋಡಿದವನು ಫಕೀರೇಶ.

"ಏ, ನೋಡ್ರಿ, ಯೋಗಣ್ಣಾರ್ ಡೆಮೊ ಚಾಲೂ ಮಾಡ್ಯಾರ!" ಎಂದು ಮೊಬೈಲ್ ತೆಗೆದ.

ಎಲ್ಲರೂ ಗಾಜಿನ ಮುಂದೆ ಸೇರಿದರು. ಹೆಂಗಸರು ಮಕ್ಕಳನ್ನು ಎತ್ತಿ ತೋರಿಸಿದರು. ಮಧ್ವೇಶನೂ ಕತ್ತೆತ್ತಿ ನೋಡಿ, ಯೋಗಣ್ಣ ಎಂದಿನಂತೆ ಕೀ ತೆಗೆದುಕೊಂಡೇ ಹೋಗಿರುತ್ತಾರೆ ಅಂದುಕೊಂಡ. ಕೀ ಅವನ ಮೊಣಕಾಲ ಪಕ್ಕದಲ್ಲೇ, ಹೂವಿನ ಕೆಳಗೆ ಇತ್ತು. ಅಂಜಿನಯ್ಯನವರು ಮೈಕ್ ಹಿಡಿದುಕೊಂಡರು. ನಗಾರಿ ಒಂದಿಷ್ಟು ತಗ್ಗಿತು.

"ನೋಡಿ, ನಮ್ ಅಳಿಯ. ಹಬ್ಬದ ದಿನಾನೂ ಡ್ಯೂಟಿ ಬಿಟ್ಟಿಲ್ಲ. ಒಳಗೇ ನಿಂತ್ಕೊಂಡು ತೋರಿಸ್ತಾವ್ನೆ. ಒಂದು ಚಪ್ಪಾಳೆ ಹೊಡೀರಿ!"

ಚಪ್ಪಾಳೆ ಬಿತ್ತು. ಆಮೇಲೆ ಅವರು ಈ ಜಾಗ ತಮ್ಮ ಕೈಗೆ ಬಂದ ಕಥೆ ಶುರು ಮಾಡಿದರು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಶಾಲು ಸರಿಸಿದ ಹಸಿರು ಗುಂಡಿಯ ಮೇಲೆ. ಮಾತು ಮುಗಿದ ತಕ್ಷಣ ಒತ್ತುವುದು, ಅಷ್ಟರಲ್ಲಿ ಅಳಿಯ ಎಂದಿನಂತೆ ಹಿಡಿ ಎಳೆದು ಬಂದಿರುತ್ತಾನೆ ಎಂದು ಅವರ ಲೆಕ್ಕ.

ಸಂದಿಯಲ್ಲಿ ಯೋಗಾನಂದನಿಗೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ರೈಲು ಹೊರಟರೆ ತನ್ನನ್ನು ಗಾಜಿಗೆ ಒತ್ತಿಕೊಂಡು ಉರುಳಿಸುತ್ತಾ ಹೋಗುತ್ತದೆ, ಮುಂದೆ ಕಬ್ಬಿಣದ ಕಂಬ ಇದೆ. ಅದು ಅವನಿಗೆ ಅಳತೆ ಸಮೇತ ಗೊತ್ತಿತ್ತು. ಹಸಿರು ಹಿಡಿ ಎಡಗಡೆಗೆ, ಬಾಗಿಲ ಅಂಚಿನಲ್ಲಿ, ತೋಳು ಚಾಚಿದರೆ ಸಿಗುವಷ್ಟು ದೂರ. ಆದರೆ ಎಡಗೈಯಲ್ಲಿ ತಟ್ಟೆ. ಕೈಯಲ್ಲಿರುವುದನ್ನು ಬಿಡಿ ಎಂದು ಊರಿಗೆಲ್ಲ ಪಾಠ ಹೇಳಿದವನು, ತಟ್ಟೆ ಬಿಡಲಾರದೆ ನಿಂತಿದ್ದ. ಕೆಳಗೆ ಹಳಿ. ಹಬ್ಬದ ದಿನ, ಕುಂಕುಮದ ತಟ್ಟೆ, ಅವರ ಮನೆತನದ ತಟ್ಟೆ. ಬಿದ್ದರೆ ಮಾವ ಏನಂದಾರು? ಸಾವು ಒಂದು ಮಾರು ದೂರದಲ್ಲಿರುವಾಗ ಮನುಷ್ಯ ಇದನ್ನು ಯೋಚಿಸುತ್ತಾನೆಯೇ ಎಂದು ನೀವು ಕೇಳಬಹುದು. ಅಷ್ಟು ವರ್ಷ ಮನೆ ಅಳಿಯನಾಗಿದ್ದವನು ಯೋಚಿಸುತ್ತಾನೆ.

ಗಾಜಿನಾಚೆ ಮಾವ ಇವನ ಕಡೆ ತಿರುಗಿ ಏನೋ ಹೇಳಿ ನಕ್ಕರು. ಯೋಗಾನಂದನ ಮುಖ ಅವನನ್ನು ಕೇಳದೆಯೇ ವಾಪಸು ನಕ್ಕಿತು. ಮೇಲಿನ ಹಲ್ಲು ಪೂರ್ತಿ, ಬಿಗಿದ ಕೆಳತುಟಿ.

"ನಗ್ತಾವ್ರೆ ನೋಡ್ರೋ, ಇವತ್ತು ಆ್ಯಕ್ಟಿಂಗ್ ಸರಿ ಇಲ್ಲ" ಎಂದು ಯಾರೋ ಗೇಲಿ ಮಾಡಿದರು.

ಕೀರ್ತನಾ ಅದುವರೆಗೂ ಹಿಂದೆ, ಕೋಸಂಬರಿ ಹಂಚುವ ಮೇಜಿನ ಹತ್ತಿರ ಇದ್ದಳು. ಗಂಡನ ಡೆಮೊ ಅವಳು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದಳು. ಕೈಕಾಲು ಬಡಿಯುವುದು, ಕಣ್ಣು ಅಗಲಿಸುವುದು, ನೋಡಿ ನೋಡಿ ನಕ್ಕಿದ್ದಳು. ಡೆಮೊದಲ್ಲಿ ಅವನು ಒಂದು ಸಲವೂ ನಕ್ಕಿರಲಿಲ್ಲ. ಅವಳು ಕತ್ತೆತ್ತಿ ಗಾಜಿನ ಕಡೆ ನೋಡಿದಳು. ಆ ಮುಖ ಅವಳಿಗೆ ಗೊತ್ತಿತ್ತು. ದಿನಾ ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಕಾಣುವ ಮುಖ ಅದು. ಇಷ್ಟು ವರ್ಷ ಅದನ್ನು ಗಂಡನ ಒಳ್ಳೆಯ ಸ್ವಭಾವ ಅಂದುಕೊಂಡಿದ್ದಳು. ಗಾಜಿನ ಹಿಂದೆ, ಬೋಗಿಗೂ ತಟ್ಟೆಗೂ ನಡುವೆ ಅದನ್ನು ಕಂಡ ಕೂಡಲೇ ಅದು ಸಿಕ್ಕಿಕೊಂಡವನ ಮುಖ ಎಂದು ಅವಳಿಗೆ ತಿಳಿಯಿತು.

ಕೈಯಲ್ಲಿದ್ದ ಕೋಸಂಬರಿ ಪಾತ್ರೆ ಎಲ್ಲಿ ಬಿತ್ತೋ. ಜನರನ್ನು ನೂಕಿಕೊಂಡು ಬಂದವಳು ಮೊದಲು ಅಪ್ಪನ ಕೈಯನ್ನು ಗುಂಡಿಯ ಮೇಲಿಂದ ಎತ್ತಿ ಒಗೆದಳು. ಅಂಜಿನಯ್ಯನವರು ಮೈಕಿನಲ್ಲೇ, "ಏಯ್, ಏನೇ ಇದು?" ಅಂದದ್ದು ಶೆಡ್ಡಿಗೆಲ್ಲ ಕೇಳಿಸಿತು. ಅವಳು ನಿಲ್ಲಲಿಲ್ಲ. ಓಡಿಹೋಗಿ ಗಾಜಿಗೆ ಎರಡೂ ಅಂಗೈ ಬಡಿದಳು.

"ತಟ್ಟೆ ಬಿಡ್ರೀ! ತಟ್ಟೆ ಬಿಟ್ಬಿಡಿ! ಹೋದ್ರೆ ಹೋಗ್ಲಿ!"

ನಗಾರಿ ನಿಂತಿತ್ತು. ಗಾಜಿನಾಚೆ ಅವನಿಗೆ ಮಾತು ಅರೆಬರೆ ಕೇಳಿತೋ, ಬಚ್ಚಲಿನಲ್ಲಿ ತಾನೇ ಹೇಳಿಕೊಂಡ ಮಾತನ್ನು ಹೆಂಡತಿಯ ತುಟಿಯಲ್ಲಿ ಓದಿದನೋ. ಅವಳ ಹಿಂದೆ ಮಾವ ನಿಂತಿದ್ದರು. ಯೋಗಾನಂದ ಮಾವನನ್ನು ನೋಡಲಿಲ್ಲ. ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಬೆರಳು ಸಡಿಲಿಸಿದ. ತಟ್ಟೆ ಜಾರಿ ಹಳಿಗೆ ಬಿದ್ದ ಸದ್ದು ಶೆಡ್ಡಿನ ಮೂಲೆಮೂಲೆಗೂ ಹೋಯಿತು. ಖಾಲಿಯಾದ ಎಡಗೈ ಚಾಚಿ ಹಸಿರು ಹಿಡಿ ಹಿಡಿದು ಎಳೆದ.

ಬಾಗಿಲು ತೆರೆಯಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿ ಅಲಾರಾಂ ಕೂಗಿಕೊಂಡಿತು. ಮಧ್ವೇಶ್ ಗಾಬರಿಯಿಂದ ಕೀ ತೆಗೆಯಲು ಕೈ ಹಾಕಿ, ಕೀ ಪೆಟ್ಟಿಗೆಯಲ್ಲೇ ಇರುವುದನ್ನು ನೋಡಿ, ಪಂಚೆ ಸಮೇತ ನೆಲಕ್ಕೆ ಕುಸಿದು ಕೂತ. ಅವನ ಮುಖ ನೋಡಿದ ಮೇಲೆ ಉಳಿದವರಿಗೆ ಅರ್ಥವಾಯಿತು. ಫಕೀರೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದ.

ಯೋಗಾನಂದ ಎದೆಯ ತುಂಬ ಕುಂಕುಮ ಮೆತ್ತಿಕೊಂಡು ಹೊರಗೆ ಬಂದು ಪ್ಲಾಟ್‌ಫಾರಮ್ಮಿನ ಮೇಲೆ ಕೂತ. ಕೀರ್ತನಾ ಅವನ ಕೈ ಬಿಡಲಿಲ್ಲ. ಅಂಜಿನಯ್ಯನವರು ಹತ್ತಿರ ಬಂದರು. ಗುಂಡಿಯ ಮೇಲಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು.

"ಒತ್ತಿಬಿಡ್ತಿದ್ದೆನಲ್ಲೋ... ನಾನೇ ಒತ್ತಿಬಿಡ್ತಿದ್ದೆನಲ್ಲೋ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ಅತ್ತರು, ಸುಳ್ಳಲ್ಲ. ಆದರೆ ಅಂಜಿನಯ್ಯ ಅಂಜಿನಯ್ಯನೇ. ಕಣ್ಣೊರೆಸಿದ ಶಾಲು ಹೆಗಲಿಗೆ ಹಾಕುವಷ್ಟರಲ್ಲಿ ಧ್ವನಿ ಮೊದಲಿನದಾಯಿತು. "ಸಾಕು ಈ ಕೆಲಸ. ನಾಳೆಯಿಂದ ನೀನು ಇಲ್ಲಿಗ್ ಬರೋದ್ ಬೇಡ. ಮನೇಲೇ ಇರು, ನನ್ ಕಣ್ಮುಂದೆ. ಬಾಡಿಗೆಯೋರ್ ವಿಚಾರ ನೋಡ್ಕೊಂಡು ಆರಾಮಾಗಿರು. ಏನಪ್ಪ?"

ಯೋಗಾನಂದ ತಲೆಯೆತ್ತಿದ. ಮೇಲಿನ ತುಟಿ ಮೆಲ್ಲಗೆ ಸರಿಯತೊಡಗಿತು.

"ನಗಬೇಡಿ" ಅಂದಳು ಕೀರ್ತನಾ.

ಅವನು ಅವಳ ಕಡೆ ನೋಡಿದ.

"ನಗಬೇಡಿ ಅಂದೆ. ನಿಮಗೆ ಏನ್ ಅನ್ಸುತ್ತೋ ಅದನ್ನ ಹೇಳಿ."

ನಗು ಅರ್ಧಕ್ಕೇ ನಿಂತಿತು. ಮಾತು ಬರಲಿಲ್ಲ. ಬರುವುದಾದರೂ ಹೇಗೆ, ಆ ಬಾಯಿಗೆ ರೂಢಿಯೇ ತಪ್ಪಿತ್ತು. ಕೊನೆಗೆ ತಲೆಯನ್ನು ಅಡ್ಡಡ್ಡ ಆಡಿಸಿದ. ಒಂದು ಸಲ, ಮತ್ತೆ ಗಟ್ಟಿಯಾಗಿ ಇನ್ನೊಂದು ಸಲ. ಅಂಜಿನಯ್ಯನವರು ಅಳಿಯ ಹಾಗೆ ತಲೆ ಆಡಿಸಿದ್ದನ್ನು ನೋಡಿದ್ದು ಅದೇ ಮೊದಲು. ಏನೋ ಹೇಳಲು ಬಾಯಿ ತೆರೆದವರು, ಮಗಳ ಮುಖ ನೋಡಿ, "ತಟ್ಟೆ ಎಲ್ಲೈತೋ ನೋಡ್ರೋ" ಎನ್ನುತ್ತಾ ಹಳಿಯ ಕಡೆಗೆ ನಡೆದರು.

ಗಂಡ ಹೆಂಡತಿ ಶೆಡ್ಡಿನ ಹೊರಗೆ ಬಂದು ನಗಾರಿಯವರ ಟೆಂಪೋ ಪಕ್ಕದ ನೆರಳಿನಲ್ಲಿ ಕೂತರು. ಒಳಗೆ ಮತ್ತೆ ದೃಷ್ಟಿ ತೆಗೆಯುವ ಗಲಾಟೆ ಶುರುವಾಗಿತ್ತು. ಕೀರ್ತನಾ ಸೆರಗಿನಿಂದ ಅವನ ಕುತ್ತಿಗೆಯ ಕುಂಕುಮ ಒರೆಸಿದಳು. ಒರೆಸಿದಷ್ಟೂ ಹರಡಿತು.

"ಎಲ್ಲಾದ್ರೂ ಒಂದು ಮನೆ ನೋಡ್ರೀ" ಅಂದಳು ಕೊನೆಗೆ, ರಸ್ತೆಯ ಕಡೆ ನೋಡುತ್ತಾ. "ಬೇರೆ ಹೋಗೋಣ. ಅಪ್ಪಂಗೆ ನಾನ್ ಹೇಳ್ತೀನಿ."

"ನೋಡಿದೀನಿ ಕಣೇ."

ಅವಳು ತಿರುಗಿದಳು. "ಎಲ್ಲಿ?"

"ಮಲ್ಲತ್ತಹಳ್ಳಿಲಿ. ಕೆರೆ ಹತ್ರ. ನಾಳೆವರೆಗೂ ಟೈಮ್ ಕೊಟ್ಟವ್ರೆ."

ಎಷ್ಟು ಬಾಡಿಗೆ, ನೀರು ಬರುತ್ತದೆಯೇ, ಅಡುಗೆಮನೆ ಹೇಗಿದೆ, ಯಾಕೆ ಮುಂಚೆ ಹೇಳಲಿಲ್ಲ, ಇಷ್ಟೂ ಅವಳು ಕೇಳಬಹುದಿತ್ತು. ಸ್ವಲ್ಪ ಹೊತ್ತು ಕುಂಕುಮದ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಆಮೇಲೆ ಧ್ವನಿ ತಗ್ಗಿಸಿ ಒಂದೇ ಒಂದು ಮಾತು ಕೇಳಿದಳು.

"ರೂಮಿಗೆ ಒಳಗಡೆಯಿಂದ ಚಿಲಕ ಇದೆಯಾ?"

"ಇದೆ" ಅಂದ ಯೋಗಾನಂದ. "ಹಾಕಿ ನೋಡ್ದೆ."